ನಾಲ್ಕನೇ ಡಿಸ್ಕ್ ಸೇರಿಸುವ ಮೊದಲು ಇದನ್ನೊಮ್ಮೆ ಓದಿ

ಮನೆಯಲ್ಲಿ ಫೈಲ್ ಸರ್ವರ್ ಇಟ್ಟುಕೊಂಡವರು, ಅದರಲ್ಲೂ ಹಲವು ಡಿಸ್ಕುಗಳನ್ನು ಒಟ್ಟಾಗಿ ನಡೆಸುವ ಝಡ್‌ಎಫ್‌ಎಸ್ (ZFS) ಎಂಬ ಫೈಲ್ ವ್ಯವಸ್ಥೆ ಬಳಸುವವರು, ಜಾಗ ಸಾಲದೆ ಹೊಸ ಡಿಸ್ಕ್ ತರುವ ಯೋಚನೆಯಲ್ಲಿದ್ದರೆ ದಯವಿಟ್ಟು ಹತ್ತು ನಿಮಿಷ ಕೊಟ್ಟು ಇದನ್ನು ಓದಿ. ನಮ್ಮ ಅಜ್ಜಿಯ ದನಿ ಈಗ ನಮ್ಮ ಹತ್ತಿರ ಇಲ್ಲ. ಅದಕ್ಕೆ ಕಾರಣ ನಾನು ಕೊಟ್ಟ ಒಂದು ಕಮಾಂಡ್, ಆಮೇಲೆ ತಿಂಗಳುಗಟ್ಟಲೆ ತೆರೆದು ನೋಡದ ಒಂದು ಲಾಗ್ ಫೈಲ್.

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಅಡಿಕೆ ತೋಟದ ಮನೆ ನಮ್ಮದು. ಮಳೆಗಾಲದಲ್ಲಿ ಇಲ್ಲಿ ಕಾಗದಕ್ಕೂ ಬೂಷ್ಟು, ಬಟ್ಟೆಗೂ ಬೂಷ್ಟು. ಅಟ್ಟದ ಮೇಲಿದ್ದ ವಿಡಿಯೊ ಕ್ಯಾಸೆಟ್ಟುಗಳಂತೂ ಕೇಳುವುದೇ ಬೇಡ. ಗಾಜಿನ ಕಿಟಕಿಯಲ್ಲಿ ಬಗ್ಗಿ ನೋಡಿದರೆ ಸುತ್ತಿದ ಟೇಪಿನ ಅಂಚಿಗೆ ಬೂದಿ ಎರಚಿದ ಹಾಗೆ ಬಿಳಿ ಪುಡಿ. ಇನ್ನೊಂದು ಮಳೆಗಾಲ ಕಳೆದರೆ ಇವು ಉಳಿಯುವುದಿಲ್ಲ ಅನ್ನಿಸಿ 2024ರ ದಸರಾ ರಜೆಯಲ್ಲಿ ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಲು ಕೂತೆ. ಅತ್ತೆ ಮನೆ, ಚಿಕ್ಕಪ್ಪನ ಮನೆಯಿಂದಲೂ ತಂದೆ. ಒಟ್ಟು 70ರ ಹತ್ತಿರ ಆದವು.

ಅದರಲ್ಲಿ ಒಂದು ಅತ್ತೆಯ ಮದುವೆಯದು. ಹಸೆಗೆ ಕರೆಯುವ ಹಾಡನ್ನು ಅಜ್ಜಿ ಎತ್ತಿಕೊಡುತ್ತಾಳೆ, ಉಳಿದ ಹೆಂಗಸರು ಹಿಂದಿನಿಂದ ಸೇರುತ್ತಾರೆ. ನಡುವೆ ಒಂದು ಕಡೆ ಅಜ್ಜಿಗೆ ಸಾಲು ಮರೆತು ನಿಲ್ಲುತ್ತಾಳೆ, ಪಕ್ಕದವರು ನೆನಪಿಸುತ್ತಾರೆ, ಅಜ್ಜಿ ತಲೆ ಮೇಲಿನ ಸೆರಗು ಸರಿಮಾಡಿಕೊಂಡು ಮತ್ತೆ ಮೊದಲಿಂದ ಶುರು ಮಾಡುತ್ತಾಳೆ. ಅಷ್ಟೇ, ನಾಲ್ಕು ನಿಮಿಷ. ಅಜ್ಜಿ ಹೋಗಿ ಹದಿನೇಳು ವರ್ಷ ಆಯಿತು. ಅವಳ ದನಿ ಇದ್ದದ್ದು ಅದೊಂದರಲ್ಲೇ.

ಕ್ಯಾಸೆಟ್ಟನ್ನು ಡಿವಿ ಎಂಬ ಡಿಜಿಟಲ್ ವಿಡಿಯೊ ರೂಪದಲ್ಲಿ ಇಳಿಸಿದರೆ ಗಂಟೆಗೆ ಸುಮಾರು 13 ಜಿಬಿ ಬೇಕು, ಮೂರು ಗಂಟೆಯ ಕ್ಯಾಸೆಟ್ಟಿಗೆ 40 ಜಿಬಿ. ನನ್ನ ಸರ್ವರಿನಲ್ಲಿ ಇದ್ದದ್ದು 4 ಟಿಬಿಯ ಮೂರು ಡಿಸ್ಕ್, ರೈಡ್‌ಝಡ್‌1. ಅಂದರೆ ಮೂರರಲ್ಲಿ ಯಾವುದಾದರೂ ಒಂದು ಹೋದರೂ ಡೇಟಾ ಉಳಿಯುತ್ತದೆ, ಬಳಸಲು ಸಿಗುವುದು ಹೆಚ್ಚುಕಡಿಮೆ 8 ಟಿಬಿ. ಅದು ಆಗಲೇ ಶೇಕಡಾ 90 ತುಂಬಿತ್ತು. ಶಿವಮೊಗ್ಗಕ್ಕೆ ಹೋಗಿ ಅದೇ ಅಳತೆಯ ನಾಲ್ಕನೇ ಡಿಸ್ಕ್ ತಂದೆ.

ತಪ್ಪು ನಡೆದದ್ದು ಇಲ್ಲಿ. ಆಗ ನನ್ನ ಹತ್ತಿರ ಇದ್ದ, ಝಡ್‌ಎಫ್‌ಎಸ್‌ನ ಮುಕ್ತ ತಂತ್ರಾಂಶ ರೂಪವಾದ ಓಪನ್‌ಝಡ್‌ಎಫ್‌ಎಸ್‌ನಲ್ಲಿ ಮೂರು ಡಿಸ್ಕಿನ ರೈಡ್‌ಝಡ್ ಗುಂಪನ್ನು ನಾಲ್ಕಕ್ಕೆ ಹಿಗ್ಗಿಸಲು ಬರುತ್ತಿರಲಿಲ್ಲ. ಆ ಸೌಲಭ್ಯ ಬಂದದ್ದು 2025ರ ಜನವರಿಯ 2.3 ಆವೃತ್ತಿಯಲ್ಲಿ. ನಾನು ಯಾವುದೋ ವಿಡಿಯೊ ನೋಡಿ 'ಝಡ್‌ಪೂಲ್ ಆಡ್' ಕೊಟ್ಟೆ, ಅಂದರೆ ಪೂಲಿಗೆ (ಡಿಸ್ಕುಗಳನ್ನೆಲ್ಲ ಒಟ್ಟು ಸೇರಿಸಿದ ಜಾಗಕ್ಕೆ) ಹೊಸ ಡಿಸ್ಕ್ ಸೇರಿಸುವ ಕಮಾಂಡ್. ಕಮಾಂಡ್ ಒಪ್ಪಲಿಲ್ಲ. ಪೂಲ್ ಇರುವುದು ರೈಡ್‌ಝಡ್, ನೀವು ಸೇರಿಸುತ್ತಿರುವುದು ಬರೀ ಡಿಸ್ಕ್, ಎರಡಕ್ಕೂ ಹೊಂದುವುದಿಲ್ಲ, ಆದರೂ ಬೇಕಿದ್ದರೆ '-ಎಫ್' ಹಾಕಿ ಎಂದಿತು. ವಿಡಿಯೊದವರೂ '-ಎಫ್' ಹಾಕಿದ್ದರು. ನಾನೂ ಹಾಕಿದೆ.

ಒಂದು ಸೆಕೆಂಡಿನಲ್ಲಿ ಮುಗಿಯಿತು. ಜಾಗ ನೋಡಿದರೆ 12 ಟಿಬಿ. ನಾಲ್ಕು ಡಿಸ್ಕಿನ ರೈಡ್‌ಝಡ್‌1 ಆದರೆ ಎಷ್ಟು ಸಿಗಬೇಕಿತ್ತು? ಅದೂ 12 ಟಿಬಿಯೇ. ಹಾಗಾಗಿ ಲೆಕ್ಕ ಸರಿಹೋಯಿತು ಅಂದುಕೊಂಡೆ. ಆದರೆ ಆ 12ರಲ್ಲಿ 8 ಮಾತ್ರ ರಕ್ಷಣೆ ಇದ್ದದ್ದು, ಉಳಿದ 4 ಯಾವ ಆಸರೆಯೂ ಇಲ್ಲದ ಒಂಟಿ ಡಿಸ್ಕ್. ಪೂಲಿನಲ್ಲಿ ಹೀಗೆ ಸೇರಿಕೊಂಡ ಒಂದು ಭಾಗ ಸತ್ತರೆ ಇಡೀ ಪೂಲ್ ನಿಂತುಹೋಗುತ್ತದೆ. ಮೂರು ಡಿಸ್ಕಿದ್ದಾಗ ಇದ್ದ ಭದ್ರತೆಯನ್ನು ನಾಲ್ಕನೆಯದು ಕಿತ್ತುಹಾಕಿತ್ತು.

ದಯವಿಟ್ಟು ಈಗಲೇ ನಿಮ್ಮ ಸರ್ವರಿನಲ್ಲಿ 'ಝಡ್‌ಪೂಲ್ ಸ್ಟೇಟಸ್' ಕೊಟ್ಟು ನೋಡಿ. ರೈಡ್‌ಝಡ್‌1-0 ಎಂಬ ಸಾಲಿನ ಕೆಳಗೆ ಎರಡಕ್ಷರದಷ್ಟು ಒಳಗೆ ಸರಿದು ಡಿಸ್ಕುಗಳ ಹೆಸರು ಇರುತ್ತದೆ. ನನ್ನದರಲ್ಲಿ ಮೂರು ಹೆಸರು ಒಳಗೆ ಸರಿದಿದ್ದವು, ನಾಲ್ಕನೆಯದು ರೈಡ್‌ಝಡ್‌1-0 ನೇರಕ್ಕೇ ಎಡಕ್ಕೆ ಬಂದು ನಿಂತಿತ್ತು. ಎಲ್ಲದರ ಮುಂದೆಯೂ ಆನ್‌ಲೈನ್ ಅಂತಲೇ ಇತ್ತು. ಆ ಎರಡಕ್ಷರದ ಜಾಗ ನನ್ನ ಕಣ್ಣಿಗೆ ಬೀಳಲೇ ಇಲ್ಲ.

ನಿಮ್ಮದೂ ಹಾಗೇ ಇದ್ದರೆ ಇನ್ನೂ ಕಾಲ ಮೀರಿಲ್ಲ. ಪೂಲಿನಲ್ಲಿ ರೈಡ್‌ಝಡ್ ಇರುವಾಗ ಆ ಒಂಟಿ ಡಿಸ್ಕನ್ನು ಹೊರಗೆ ತೆಗೆಯಲು ಬರುವುದಿಲ್ಲ, ಆದರೆ ಅದಕ್ಕೊಂದು ಜೋಡಿ ಕೊಡಬಹುದು. ಅಷ್ಟೇ ದೊಡ್ಡದು ಅಥವಾ ಅದಕ್ಕಿಂತ ದೊಡ್ಡ ಐದನೇ ಡಿಸ್ಕ್ ತಂದು 'ಝಡ್‌ಪೂಲ್ ಅಟ್ಯಾಚ್' ಕೊಟ್ಟು, ಪೂಲಿನ ಹೆಸರಿನ ಮುಂದೆ ಮೊದಲು ಆ ಒಂಟಿ ಡಿಸ್ಕಿನ ಹೆಸರು, ಆಮೇಲೆ ಹೊಸದರ ಹೆಸರು ಬರೆಯಿರಿ. ಎರಡೂ ಮಿರರ್ ಆಗುತ್ತವೆ, ಅಂದರೆ ಒಂದರಲ್ಲಿರುವುದೇ ಇನ್ನೊಂದರಲ್ಲೂ ಇರುತ್ತದೆ. ಒಂದು ಡಿಸ್ಕಿನ ದುಡ್ಡಿಗೆ ಪಾರಾಗುತ್ತೀರಿ. ಇದು ನನಗೆ ಏಪ್ರಿಲ್‌ನಲ್ಲಿ ಗೊತ್ತಿದ್ದರೆ ಈ ಬರಹವೇ ಬೇಕಿರಲಿಲ್ಲ.

ಬ್ಯಾಕಪ್ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. 8 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕಿಗೆ ಪ್ರತಿ ರಾತ್ರಿ ಎರಡು ಗಂಟೆಗೆ ಫೈಲುಗಳನ್ನು ನಕಲು ಮಾಡುವ ಆರ್‌ಸಿಂಕ್ ಓಡುತ್ತಿತ್ತು. ಸರ್ವರಿನ ಜಾಗ 8ರಿಂದ 12ಕ್ಕೆ ಏರಿಸಿದ ದಿನ ಬ್ಯಾಕಪ್ಪಿನ ಜಾಗವನ್ನು 8ಕ್ಕೇ ಬಿಟ್ಟೆ. ನವೆಂಬರ್ 19ರ ರಾತ್ರಿ ಅದು ತುಂಬಿತು. ಅಂದಿನಿಂದ ಲಾಗ್ ಫೈಲಿನಲ್ಲಿ ಪ್ರತಿ ರಾತ್ರಿ ಒಂದೇ ಸಾಲು: ಡಿಸ್ಕ್‌ನಲ್ಲಿ ಜಾಗವಿಲ್ಲ. ಐದೂವರೆ ತಿಂಗಳು ಅದೇ ಸಾಲು. ಫೋನಿಗೆ ಸುದ್ದಿ ಬರುವ ಹಾಗೆ ಮಾಡಿಕೊಂಡಿರಲಿಲ್ಲ. ಎಕ್ಸ್‌ಟರ್ನಲ್ ಡಿಸ್ಕಿನ ದೀಪ ರಾತ್ರಿ ಮಿನುಗುವುದು ಕಾಣುತ್ತಿತ್ತು, ಅಷ್ಟಕ್ಕೇ ಸಮಾಧಾನ ಪಟ್ಟುಕೊಂಡಿದ್ದೆ.

ಕ್ಯಾಸೆಟ್ ಇಳಿಸುವ ಕೆಲಸ ಮುಖ್ಯವಾಗಿ ನಡೆದದ್ದು ಅಡಿಕೆ ಕೊಯ್ಲು ಮುಗಿದ ಮೇಲೆ, ಜನವರಿಯಿಂದ ಮಾರ್ಚ್. ಮುಗಿಸಿ ಅತ್ತೆಯ ಕ್ಯಾಸೆಟ್ಟುಗಳನ್ನು ವಾಪಸ್ ಕೊಡಲು ಹೋದಾಗ ಅವರು ಚೀಲ ಬಿಚ್ಚಿ, ಬೂಷ್ಟು ನೋಡಿ, "ಎಲ್ಲ ಕಂಪ್ಯೂಟರಿಗೆ ಬಂತಲ್ಲ, ಇದಿನ್ನು ಎಂತಕ್ಕೆ? ಗುಜರಿಗೆ ಹಾಕ್ಲಾ?" ಅಂದರು. "ಹಾಕಿ ಅತ್ತೆ, ಇನ್ನು ಬೇಡ" ಅಂದೆ.

ಭರಣಿ ಮಳೆಯ ಹೊತ್ತು, ಮೇ ಮೊದಲ ವಾರ. ಗುಡುಗು ಶುರುವಾದರೆ ಎಲ್ಲ ಪ್ಲಗ್ ಕೀಳುವುದು ನಮ್ಮಲ್ಲಿ ರೂಢಿ, ಅವತ್ತು ಮನೆಯಲ್ಲಿ ಯಾರೂ ಇರಲಿಲ್ಲ. ಸಂಜೆ ಕರೆಂಟ್ ಏಳೆಂಟು ಸಲ ಹೋಗಿ ಬಂದಿತ್ತಂತೆ. ಯುಪಿಎಸ್ ಬ್ಯಾಟರಿ ಹಳೆಯದಾಗಿತ್ತು. ರಾತ್ರಿ ಬಂದು ಸರ್ವರ್ ಆನ್ ಮಾಡಿದೆ. ನಾಲ್ಕನೇ ಡಿಸ್ಕಿನಿಂದ ಟಕ್, ಟಕ್, ಸ್ವಲ್ಪ ಬಿಟ್ಟು ಮತ್ತೆ ಟಕ್. ಒಂದು ಡಿಸ್ಕ್ ಹೋದರೂ ತಡೆಯುತ್ತದೆ ಎಂಬ ಧೈರ್ಯದಲ್ಲೇ ಸ್ಟೇಟಸ್ ನೋಡಿದೆ. ಪೂಲ್ ತೆರೆಯಲೇ ಇಲ್ಲ. ಆಗ ಆ ಎರಡಕ್ಷರದ ಜಾಗ ಕಂಡಿತು.

ಅಂಗಡಿಯವರು ವಾರಂಟಿಯಲ್ಲಿ ಬೇರೆ ಡಿಸ್ಕ್ ಕೊಡುತ್ತೇವೆ ಅಂದರು. ವಾರಂಟಿ ಡಿಸ್ಕಿಗೆ, ಒಳಗಿರುವುದಕ್ಕಲ್ಲ. ವಾರಂಟಿಯ ಆಸೆ ಬಿಟ್ಟು ಆ ಡಿಸ್ಕನ್ನು ಬೆಂಗಳೂರಿನಲ್ಲಿ ಡೇಟಾ ತೆಗೆಯುವವರಿಗೆ ಕಳಿಸಿದೆ. ಒಳಗಿನ ತಟ್ಟೆಗೆ ಗೀರು ಬಿದ್ದಿದೆ, ಆಗುವುದಿಲ್ಲ ಎಂದು ವಾಪಸ್ ಬಂತು. ಒಂದು ಭಾಗ ಕಾಣೆಯಾದರೂ ಓದುವುದಕ್ಕಷ್ಟೇ ಪೂಲ್ ತೆರೆಯುವ ಸೆಟ್ಟಿಂಗ್ ಝಡ್‌ಎಫ್‌ಎಸ್‌ನಲ್ಲಿದೆ, ಅದನ್ನೂ ಮಾಡಿ ನೋಡಿದೆ. ದಸರೆಗಿಂತ ಹಿಂದಿನವು ಬಹುಪಾಲು ಬಂದವು, ಅವು ಬ್ಯಾಕಪ್ಪಿನಲ್ಲೂ ಇದ್ದವು. ಆಮೇಲಿನ ವಿಡಿಯೊಗಳಲ್ಲಿ ಒಂದೂ ಪೂರ್ತಿ ಸಿಗಲಿಲ್ಲ. ಝಡ್‌ಎಫ್‌ಎಸ್ ಹೊಸ ಫೈಲನ್ನು ಸಣ್ಣ ಸಣ್ಣ ತುಂಡು ಮಾಡಿ ಪೂಲಿನ ಎಲ್ಲ ಭಾಗಕ್ಕೂ ಹಂಚುತ್ತದೆ, ಹೆಚ್ಚು ಖಾಲಿ ಇರುವ ಕಡೆ ಹೆಚ್ಚು. ಖಾಲಿ ಇದ್ದದ್ದು ಆ ನಾಲ್ಕನೆಯದೇ.

ಅತ್ತೆಗೆ ಫೋನಿನಲ್ಲಿ ಹೇಳುವ ಮನಸ್ಸಾಗದೆ ಮನೆಗೇ ಹೋಗಿ ಹೇಳಿದೆ. ಬೈಯಲಿಲ್ಲ. "ಅವ್ವನ ಹಾಡೂ ಹೋಯ್ತನೋ?" ಅಂತ ಒಂದೇ ಮಾತು ಕೇಳಿ ಒಳಗೆ ಕಾಫಿ ಇಡಲು ಹೋದರು.

ಈಗ ಡಿಸ್ಕ್ ಸೇರಿಸಬೇಕಾದವರಿಗೆ: 2.3 ಅಥವಾ ಅದಕ್ಕಿಂತ ಹೊಸ ಆವೃತ್ತಿ ಇದ್ದರೆ 'ಆಡ್' ಅಲ್ಲ, 'ಅಟ್ಯಾಚ್' ಕೊಟ್ಟು ರೈಡ್‌ಝಡ್‌1-0 ಎಂಬ ಗುಂಪಿನ ಹೆಸರಿಗೇ ಡಿಸ್ಕನ್ನು ಸೇರಿಸಿ. ಹಳೆಯ ಆವೃತ್ತಿಯಾದರೆ ಒಂದೊಂದೇ ಡಿಸ್ಕನ್ನು ದೊಡ್ಡದಕ್ಕೆ ಬದಲಾಯಿಸುತ್ತ ಬನ್ನಿ, ಆಟೋಎಕ್ಸ್‌ಪ್ಯಾಂಡ್ ಎಂಬ ಸೆಟ್ಟಿಂಗ್ ಆನ್ ಇದ್ದರೆ ಕೊನೆಯದು ಮುಗಿದಾಗ ಜಾಗ ತಾನೇ ಹೆಚ್ಚುತ್ತದೆ. 'ಆಡ್' ಕೊಡಲೇಬೇಕಾದಾಗ ಮೊದಲು '-ಎನ್' ಹಾಕಿ ನೋಡಿ. ಏನನ್ನೂ ಬದಲಿಸದೆ ಪೂಲ್ ಹೇಗಾಗುತ್ತದೆ ಎಂದಷ್ಟೇ ತೋರಿಸುತ್ತದೆ. 'ಝಡ್‌ಪೂಲ್ ಚೆಕ್‌ಪಾಯಿಂಟ್' ಕೊಟ್ಟು ಪೂಲಿನ ಆಗಿನ ಸ್ಥಿತಿಯನ್ನು ಮೊದಲೇ ಗುರುತಿಟ್ಟುಕೊಂಡರೆ ತಪ್ಪಾದ 'ಆಡ್' ಅನ್ನೂ ಹಿಂದಕ್ಕೆ ತಿರುಗಿಸಬಹುದು. '-ಎಫ್' ಕೇಳಿದರೆ ಕೈ ತೆಗೆಯಿರಿ, ಅವತ್ತು ಮಲಗಿ ಬೆಳಗ್ಗೆ ಮತ್ತೆ ಓದಿ.

ಇನ್ನು ಸರ್ವರಿಗೆ ಡಿಸ್ಕ್ ಕೊಳ್ಳುವ ದಿನವೇ ಬ್ಯಾಕಪ್ಪಿಗೂ ಕೊಳ್ಳಿ. ಎರಡಕ್ಕೂ ದುಡ್ಡಿಲ್ಲದಿದ್ದರೆ ಮೊದಲು ಬ್ಯಾಕಪ್ಪಿಗೆ. ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು ಜನಪ್ರಿಯಗೊಳಿಸಿದ 3-2-1 ಲೆಕ್ಕ ಹಲವರಿಗೆ ಗೊತ್ತಿರುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ನಾನೀಗ ಮೂರನೆಯದನ್ನು ಶಿವಮೊಗ್ಗದ ಅಕ್ಕನ ಮನೆಯಲ್ಲಿ ಇಟ್ಟಿದ್ದೇನೆ. ಬ್ಯಾಕಪ್ ಓಡಿದ್ದೋ ನಿಂತದ್ದೋ ಪ್ರತಿ ಬೆಳಗ್ಗೆ ಫೋನಿಗೆ ಮೆಸೇಜ್ ಬರುತ್ತದೆ. ಮೆಸೇಜ್ ಬರದಿದ್ದರೆ ಅದೇ ಕೆಟ್ಟ ಸುದ್ದಿ ಅಂತ ಲೆಕ್ಕ. ತಿಂಗಳಿಗೊಮ್ಮೆ ಯಾವುದಾದರೂ ಐದು ಫೈಲನ್ನು ಬ್ಯಾಕಪ್ಪಿನಿಂದ ತೆಗೆದು ತೆರೆದೂ ನೋಡುತ್ತೇನೆ. ಮೂಲ ಕ್ಯಾಸೆಟ್, ಮೂಲ ಫೋಟೊ ಯಾವುದನ್ನೂ ಇನ್ನು ಗುಜರಿಗೆ ಹಾಕಲು ಹೇಳುವುದಿಲ್ಲ.

ಅತ್ತೆಯ ಮದುವೆಯ ವಿಡಿಯೊ ತೆಗೆದವರು ಈಗ ಆ ಕೆಲಸ ಬಿಟ್ಟಿದ್ದಾರೆ. ಅವರ ಮನೆಯ ಅಟ್ಟದಲ್ಲಿ ಹಳೆಯ ಮಾಸ್ಟರ್ ಕ್ಯಾಸೆಟ್ಟುಗಳ ಎರಡು ಪೆಟ್ಟಿಗೆ ಇವೆಯಂತೆ, ಹೆಸರಿನ ಚೀಟಿಯೆಲ್ಲ ಗೆದ್ದಲು ತಿಂದಿದೆಯಂತೆ. ಬರುವ ಭಾನುವಾರ ಅತ್ತೆಯೂ ನಾನೂ ಹೋಗಿ ಒಂದೊಂದಾಗಿ ಹಾಕಿ ನೋಡುವವರಿದ್ದೇವೆ.