ತಟ್ಟೆಯ ತಳದ ಸ್ನಾಯು, ಕಂಬಗಳ ನಡುವಿನ ಸ್ನಾಯು

ಪೆಟ್ಟಾದ ಸ್ನಾಯುವನ್ನು ಬೇಗ ಚೇತರಿಸಬಲ್ಲ ಒಂದು ಅಣುವನ್ನು ನಾನು ಎರಡು ಮಾದರಿಗಳಲ್ಲಿ ಪರೀಕ್ಷಿಸಿದೆ. ಒಂದು, ಪ್ಲಾಸ್ಟಿಕ್ ತಟ್ಟೆಯಲ್ಲಿ ಹಾಸಿಕೊಂಡು ಬೆಳೆಯುವ ಸಿ2ಸಿ12 ಎಂಬ ಇಲಿಯ ಸ್ನಾಯುಕೋಶಗಳು. ಇನ್ನೊಂದು, ಎರಡು ಸಿಲಿಕೋನ್ ಕಂಬಗಳ ನಡುವೆ ಫೈಬ್ರಿನ್ (ರಕ್ತ ಹೆಪ್ಪುಗಟ್ಟುವಾಗ ಉಂಟಾಗುವ ಪ್ರೋಟೀನ್) ಜೆಲ್‌ನಲ್ಲಿ ಕಟ್ಟಿದ ಸ್ನಾಯುಎಳೆಗಳ ಕಂತೆ. ಎರಡೂ ಒಂದೇ ಉತ್ತರ ಕೊಡಲಿಲ್ಲ.

ತಟ್ಟೆಯದು ಸುಲಭದ ದಾರಿ. ಸಿ2ಸಿ12ರ ಮೂಲ, ಜಜ್ಜಿ ಗಾಯ ಮಾಡಿದ ಇಲಿಯ ತೊಡೆ ಸ್ನಾಯು. ಆ ಮೂಲ ಕೋಶಗಳು 1977ರಲ್ಲಿ ವರದಿಯಾದವು. ತಟ್ಟೆ ತುಂಬಿದ ಮೇಲೆ ಸೀರಮ್ (ಕೋಶಗಳನ್ನು ಬೆಳೆಸುವ, ರಕ್ತದಿಂದ ತೆಗೆದ ದ್ರವ) ಕಡಿಮೆ ಮಾಡಿ 2% ಕುದುರೆ ಸೀರಮ್ ಕೊಟ್ಟರೆ, ನಾಲ್ಕೈದು ದಿನಗಳಲ್ಲಿ ಕೋಶಗಳು ಬೆಸೆದು ಉದ್ದನೆಯ ಮಯೋಟ್ಯೂಬ್‌ಗಳಾಗುತ್ತವೆ, ಅಂದರೆ ಇನ್ನೂ ಬಲಿಯದ ಸ್ನಾಯುಎಳೆಗಳಾಗುತ್ತವೆ. ನನ್ನ ಅಣು ಹಾಕಿದಾಗ ಬೆಸುಗೆ ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಅಂದು ತುಂಬಾ ಸಂತೋಷಪಟ್ಟಿದ್ದೆ.

ಆದರೆ ಪ್ಲಾಸ್ಟಿಕ್ ನಿಜವಾದ ಸ್ನಾಯುವಿಗಿಂತ ಲಕ್ಷಪಟ್ಟು ಗಡುಸು. ಮಯೋಟ್ಯೂಬ್‌ಗಳು ಬಲಿತು ಮಿಡಿಯತೊಡಗಿದರೆ ತಳದಿಂದ ಕಿತ್ತುಕೊಂಡು ತೇಲುತ್ತವೆ. ಬಲ ಅಳೆಯುವ ಹೊತ್ತಿಗೆ ಅಳೆಯಲು ಏನೂ ಉಳಿದಿರುವುದಿಲ್ಲ.

ಕಂಬದ ಮಾದರಿ ತಾಳ್ಮೆ ಕೇಳುತ್ತದೆ. ಹೆಪ್ಪುಗಟ್ಟಿಸುವ ಕಿಣ್ವವಾದ ಥ್ರಾಂಬಿನ್ ಬೆರೆಸಿದ ಕೂಡಲೇ ಜೆಲ್ ಹೆಪ್ಪುಗಟ್ಟುವುದರಿಂದ, ಒಂದು ಗುಳ್ಳೆ ಉಳಿದರೂ ಕಂತೆ ಅಲ್ಲೇ ಸಣ್ಣಗಾಗುತ್ತದೆ. ಕೋಶಗಳೇ ಫೈಬ್ರಿನ್ ಕರಗಿಸುತ್ತವೆ. ಮೊದಲ ಸಲ ನನ್ನ ಕಂತೆಗಳು ಎರಡನೇ ವಾರ ಒಂದೊಂದಾಗಿ ತುಂಡಾದವು. ಫೈಬ್ರಿನ್ ಕರಗುವುದನ್ನು ತಡೆಯುವ ಅಮೈನೋಕ್ಯಾಪ್ರೋಯಿಕ್ ಆಮ್ಲ ಸೇರಿಸಿದ ಮೇಲೆ ನಿಂತವು. ವಿದ್ಯುತ್ ಮಿಡಿತಕ್ಕೆ ಕಂಬಗಳು ಬಾಗುವುದನ್ನು ಮೊದಲ ಬಾರಿ ನೋಡಿದಾಗ ಆ ವಾರಗಳ ದಣಿವೆಲ್ಲ ಮರೆತುಹೋಯಿತು. ಕಂಬ ಎಷ್ಟು ಬಾಗಿತು ಎಂಬುದರಿಂದಲೇ ಬಲದ ಲೆಕ್ಕ ಸಿಗುತ್ತದೆ.

ವ್ಯತ್ಯಾಸ ಬಯಲಾದದ್ದು ಗಾಯ ಮಾಡಿದಾಗ. ನಾಗರಹಾವಿನ ವಿಷದಿಂದ ತೆಗೆದ ಕಾರ್ಡಿಯೋಟಾಕ್ಸಿನ್ ಹಾಕಿದರೆ ತಟ್ಟೆಯ ಮಯೋಟ್ಯೂಬ್‌ಗಳು ಸತ್ತು ತೊಳೆದುಹೋದವು. ಅಲ್ಲಲ್ಲಿ ಉಳಿದ ಒಂಟಿ ಕೋಶಗಳು ಮತ್ತೆ ಹೆಚ್ಚಾಗುವುದನ್ನೇ ನಾನು ಮೊದಲು ಪುನರುತ್ಪತ್ತಿ ಎಂದು ಎಣಿಸಿದ್ದೆ. ಅದು ತಪ್ಪು. ಸ್ನಾಯು ರಿಪೇರಿ ಮಾಡುವವು ಎಳೆಗೆ ಅಂಟಿಕೊಂಡು ಸುಮ್ಮನಿರುವ ಸ್ಯಾಟಲೈಟ್ ಕೋಶಗಳು. ಸಿ2ಸಿ12 ಆ ಕೆಲಸಕ್ಕೆ ಸರಿಯಾದ ಬದಲಿ ಅಲ್ಲ. ಹಾಗಾಗಿ ಕಂಬದ ಕಂತೆಗೆ ಬೆಳೆದ ಇಲಿಯ ಸ್ನಾಯುವಿನಿಂದಲೇ ಕೋಶ ತೆಗೆದಿದ್ದೆ; ಅಲ್ಲಿ ಸ್ಯಾಟಲೈಟ್ ಕೋಶಗಳ ಗುರುತಾದ ಪ್ಯಾಕ್ಸ್7 ಪ್ರೋಟೀನ್ ತೋರುವ ಕೋಶಗಳು ಎಳೆಗಳ ಬದಿಯಲ್ಲೇ ಉಳಿದಿದ್ದವು. ಆದರೂ ಬಲ ಮರಳಲಿಲ್ಲ, ನನ್ನ ಅಣು ಹಾಕಿದ ಮೇಲೂ.

ಬಲ ಮರಳತೊಡಗಿದ್ದು ಮ್ಯಾಕ್ರೋಫೇಜ್‌ಗಳನ್ನು (ಸತ್ತ ಕೋಶಗಳನ್ನು ನುಂಗುವ ರೋಗನಿರೋಧಕ ಕೋಶಗಳು) ಸೇರಿಸಿ ಕಂತೆ ಕಟ್ಟಿದಾಗ. ಡ್ಯೂಕ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಇದನ್ನೇ ತೋರಿಸಿತ್ತು: ವಯಸ್ಕ ಪ್ರಾಣಿಯ ಕೋಶಗಳಿಂದ ಕಟ್ಟಿದ ಸ್ನಾಯು ತಾನೊಂದೇ ಚೇತರಿಸಿಕೊಳ್ಳದು, ಮ್ಯಾಕ್ರೋಫೇಜ್ ಜೊತೆಗಿದ್ದರೆ ಚೇತರಿಸಿಕೊಳ್ಳುತ್ತದೆ.

ಹತ್ತಾರು ಅಣುಗಳನ್ನು ಬೇಗ ಸೋಸಲು ನನಗೆ ಇಂದಿಗೂ ತಟ್ಟೆಯೇ ಬೇಕು. ಆದರೆ ಗಾಯ ಮಾಸುತ್ತದೆ ಎಂದು ಬರೆಯುವ ಮುನ್ನ ಕಂಬ ಬಾಗುವುದನ್ನು ನೋಡುತ್ತೇನೆ. ನನ್ನ ಕಂತೆಯಲ್ಲಿ ರಕ್ತನಾಳವಿಲ್ಲ, ನರವಿಲ್ಲ. ದಪ್ಪ ಮಾಡಿದರೆ ಆಮ್ಲಜನಕ ತಲುಪದೆ ಒಳಭಾಗ ಸಾಯುತ್ತದೆ. ಮುಂದಿನ ಸುತ್ತಿನಲ್ಲಿ ನರಕೋಶಗಳನ್ನೂ ಸೇರಿಸುತ್ತಿದ್ದೇನೆ.