ನಮೀಬಿಯಾಕ್ಕೆ ಹೊರಟವರಿಗೆ: ಸೀಸದ ಗುಂಡೋ, ತಾಮ್ರದ್ದೋ?

1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ನಮ್ಮಲ್ಲಿ ಮೋಜಿನ ಬೇಟೆಗೆ ಜಾಗವಿಲ್ಲ, ಇರಲೂ ಬಾರದು. ಆದರೆ ಪುಣೆಯ ಕನ್ನಡ ಬಳಗದಲ್ಲಿ ನಮೀಬಿಯಾಕ್ಕೆ ಪರವಾನಗಿ ಪಡೆದು ಬೇಟೆಗೆ ಹೊರಟವರೂ ಇದ್ದಾರೆ. ಗುಂಡು ಯಾವುದೆಂಬ ಪ್ರಶ್ನೆ ಅವರದು.

ತಾಮ್ರದ ಕವಚದೊಳಗೆ ಸೀಸ ತುಂಬಿ ತುದಿಯನ್ನು ತೆರೆದಿಟ್ಟ ಹಳೆಯ ಮಾದರಿ ಅಗ್ಗ. ಮೈಗೆ ತಗುಲಿದೊಡನೆ ಅಣಬೆಯಂತೆ ಅರಳುತ್ತದೆ. ಸ್ಪ್ರಿಂಗ್‌ಬಾಕ್‌ನಂಥ ಸಣ್ಣ ಪ್ರಾಣಿಗೆ ಅಷ್ಟು ಸಾಕು. ಕಷ್ಟವಿರುವುದು ಹತ್ತಿರದ ಹೊಡೆತದಲ್ಲಿ. ವೇಗ ಹೆಚ್ಚಿರುವಾಗ ಭುಜದ ಮೂಳೆಗೆ ಬಡಿದರೆ ಕವಚ, ತಿರುಳು ಬೇರ್ಪಟ್ಟು ಗುಂಡು ಚೂರಾಗಬಹುದು. ಅದು ಶ್ವಾಸಕೋಶ ತಲುಪದಿದ್ದರೆ ಪ್ರಾಣಿ ಗಾಯಗೊಂಡು ಓಡುತ್ತದೆ, ನರಳುತ್ತದೆ. ಮಾಂಸದಲ್ಲಿ ಉಳಿಯುವ ಸೀಸದ ಚೂರು ವಿಷವೂ ಹೌದು. 2019ರ ಜುಲೈಯಿಂದ ಕ್ಯಾಲಿಫೋರ್ನಿಯಾದಲ್ಲಿ ಬೇಟೆಗೆ ಸೀಸದ ಗುಂಡು ನಿಷಿದ್ಧ.

ಇಡೀ ತಾಮ್ರದ ಗುಂಡು ತುದಿ ಸೀಳಿಕೊಂಡರೂ ತೂಕವನ್ನು ಬಹುಪಾಲು ಉಳಿಸಿಕೊಂಡು ಆಳಕ್ಕೆ ಇಳಿಯುತ್ತದೆ. ಕುಡು, ಓರಿಕ್ಸ್‌ಗಳಂಥ ದೊಡ್ಡ ಮೈಗೆ ನನ್ನ ಮತ ಇದಕ್ಕೇ. ಬಲು ದೂರದಲ್ಲಿ ವೇಗ ತಗ್ಗಿದಾಗ ಮಾತ್ರ ಸರಿಯಾಗಿ ಅರಳದೆ ತೂರಿಹೋಗುವ ಅಪಾಯವಿದೆ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕದ ಗುಂಡು ಉದ್ದವಾಗುತ್ತದೆ. ನಿಮ್ಮ ನಳಿಗೆಗೆ ಅದು ಒಗ್ಗುತ್ತದೆಯೇ ಎಂದು ಮೊದಲು ಗುರಿಹಲಗೆಯ ಮೇಲೆ ನೋಡಬೇಕು.

ಪೂರ್ಣ ಕವಚದ ಸೈನಿಕ ಗುಂಡು ಬೇಡವೇ ಬೇಡ, ಅದು ಅರಳುವುದಿಲ್ಲ. (ಯುದ್ಧದಲ್ಲಿ ಅರಳುವ ಗುಂಡನ್ನೇ 1899ರ ಹೇಗ್ ಘೋಷಣೆ ನಿಷೇಧಿಸಿತು!) ಒಂದೇ ಪೆಟ್ಟಿಗೆಯಲ್ಲಿ ಸಣ್ಣದು, ದೊಡ್ಡದು ಎರಡಕ್ಕೂ ಸಾಕಾಗಬೇಕೆಂದರೆ ತಿರುಳನ್ನು ಕವಚಕ್ಕೆ ಬೆಸೆದ ಗುಂಡು ಕೊಳ್ಳಿ, ಬೆಲೆ ಹೆಚ್ಚು, ಚೂರಾಗುವುದು ಕಡಿಮೆ.