ನೋನಿ, ಅಸಾಯಿ, ಮ್ಯಾಂಗೋಸ್ಟೀನ್ ಜ್ಯೂಸ್: ವರ್ಷಕ್ಕೂ ಮೇಲೆ ಕುಡಿದ ಮೇಲಿನ ವಿಮರ್ಶೆ

ವಯಸ್ಸು ತಡೆಯುತ್ತದೆ, ಚರ್ಮ ಹೊಳೆಯುತ್ತದೆ, ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂದು ಮಾರುವ ವಿದೇಶಿ ಹಣ್ಣಿನ ರಸಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ನೋನಿಯೊಂದನ್ನೇ ಹಿಂಡಿ ತುಂಬಿದ್ದು. ಇನ್ನೊಂದು, ಅಸಾಯಿ, ಮ್ಯಾಂಗೋಸ್ಟೀನ್, ಗೋಜಿ, ದಾಳಿಂಬೆ ಅಂತ ಹತ್ತಾರು ಹಣ್ಣಿನ ಹೆಸರು ಅಚ್ಚು ಹಾಕಿಸಿಕೊಂಡ ಮಿಶ್ರಣ. ಎರಡನ್ನೂ ಕುಡಿದಿದ್ದೇನೆ. ಮೊದಲು ನೋನಿ, ಅದರ ವಾಸನೆ ಸಾಕಾದ ಮೇಲೆ ಮಿಶ್ರಣ. ಎಲ್ಲ ಸೇರಿ ವರ್ಷಕ್ಕೂ ಮೇಲಾಯಿತು. ಒಂದು ವಾರ ಕುಡಿದು ಐದು ನಕ್ಷತ್ರ ಕೊಟ್ಟವರ ಮಾತೇ ಎಲ್ಲ ಕಡೆ ತುಂಬಿರುವುದರಿಂದ ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನಾನು ಕೊಂಡ ಕಂಪನಿಗಳ ಹೆಸರು ಹಾಕುತ್ತಿಲ್ಲ. ಈ ಜಾತಿಯ ಬಾಟಲಿಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತವೆ.

ವಾಸನೆಯಿಂದಲೇ ಶುರು ಮಾಡೋಣ, ಏಕೆಂದರೆ ಅದರ ಬಗ್ಗೆ ಮಾರುವವರು ಬಾಯಿ ಬಿಡುವುದಿಲ್ಲ. ನೋನಿ ಬಾಟಲಿಯ ಮುಚ್ಚಳ ತಿರುಗಿಸಿದ ಕೂಡಲೇ ಹಳೆಯ ಚೀಸ್ ವಾಸನೆ ಮೂಗಿಗೆ ಹೊಡೆಯುತ್ತದೆ. ಅದು ಹಣ್ಣು ಕೆಟ್ಟಿದ್ದರಿಂದ ಬಂದದ್ದಲ್ಲ, ಆ ಹಣ್ಣಿನ ಗುಣವೇ ಅದು. ಮಾಗಿದ ನೋನಿಯಲ್ಲಿ ಹೆಕ್ಸನಾಯಿಕ್, ಆಕ್ಟನಾಯಿಕ್ ಆಮ್ಲಗಳು ಹೇರಳವಾಗಿವೆ. ಆಡಿನ ಹಾಲಿನ ಚೀಸ್‌ಗೆ ಆ ಘಾಟು ಕೊಡುವುದೂ ಇವೇ ಆಮ್ಲಗಳು. ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳ ಜನ ಈ ಹಣ್ಣನ್ನು ಬಹಳ ಹಿಂದಿನಿಂದ ಬಲ್ಲರು, ಔಷಧಿಗೂ ಬಳಸಿದ್ದಾರೆ. ಒಂದು ಮುಚ್ಚಳ ಬಾಯಿಗೆ ಹಾಕಿಕೊಂಡು, ಹಿಂದೆಯೇ ಒಂದು ಲೋಟ ನೀರು ಕುಡಿದರೂ ಗಂಟಲಲ್ಲಿ ಅದರ ಕಮಟು ಅರ್ಧ ಗಂಟೆ ಇರುತ್ತದೆ. ಕಹಿಯಾಗಿದ್ದರೆ ಒಳ್ಳೆಯ ಔಷಧಿ ಎಂಬ ನಂಬಿಕೆ ನಮ್ಮೊಳಗೆ ಎಷ್ಟು ಆಳವಾಗಿ ಕೂತಿದೆಯೆಂದರೆ, ಮೊದಲ ತಿಂಗಳು ಆ ವಾಸನೆಯೇ ನನಗೆ ಭರವಸೆ ಕೊಡುತ್ತಿತ್ತು.

ಮಿಶ್ರಣ ಮಾತ್ರ ನಿಜಕ್ಕೂ ರುಚಿ. ಕಡು ನೇರಳೆ ಬಣ್ಣ, ಹುಳಿಸಿಹಿ, ತಂಪಾಗಿ ಕುಡಿದರೆ ಇನ್ನೊಂದು ಗುಟುಕು ಬೇಕೆನ್ನಿಸುತ್ತದೆ. ಯಾಕೆ ಅಷ್ಟು ರುಚಿ ಅಂತ ಒಂದು ದಿನ ಬಾಟಲಿಯ ಹಿಂದಿನ ಸಣ್ಣಕ್ಷರ ಓದಿದೆ. ಮುಂಭಾಗದಲ್ಲಿ ಅಸಾಯಿ ಗೊಂಚಲಿನ ದೊಡ್ಡ ಚಿತ್ರ. ಹಿಂದಿನ ಪಟ್ಟಿಯಲ್ಲಿ ಮೊದಲ ಹೆಸರು ಸೇಬಿನ ಸಾಂದ್ರ ರಸ, ಎರಡನೆಯದು ದ್ರಾಕ್ಷಿ. ಅಸಾಯಿ ಅವೆರಡರ ಕೆಳಗೆ, ಮ್ಯಾಂಗೋಸ್ಟೀನ್ ಇನ್ನೂ ಕೆಳಗೆ, ಗೋಜಿ ಹೆಚ್ಚುಕಡಿಮೆ ಕೊನೆಯಲ್ಲಿ. ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯುವುದು ಬಹುತೇಕ ಎಲ್ಲ ಕಡೆ ನಿಯಮ. ಯಾವುದು ಎಷ್ಟು ಪಾಲು ಅಂತ ಕೇಳಿದರೆ "ಅದು ಕಂಪನಿಯ ಫಾರ್ಮುಲಾ ಸರ್, ಹೇಳೋ ಹಾಗಿಲ್ಲ" ಎಂಬ ಉತ್ತರ ಬಂತು.

ಇದು ಈ ಬಾಟಲಿಯೊಂದರ ಕತೆಯೂ ಅಲ್ಲ. ಅಮೆರಿಕದಲ್ಲಿ ಕೋಕಾ-ಕೋಲಾ ಕಂಪನಿ ತನ್ನ ಮಿನಿಟ್ ಮೇಡ್ ಹೆಸರಿನಲ್ಲಿ ದಾಳಿಂಬೆ-ಬ್ಲೂಬೆರಿ ಪಾನೀಯವೊಂದನ್ನು ಮಾರುತ್ತಿತ್ತು. ಅದರಲ್ಲಿ ದಾಳಿಂಬೆ ರಸ 0.3 ಶೇಕಡಾ, ಬ್ಲೂಬೆರಿ 0.2 ಶೇಕಡಾ; 99.4 ಶೇಕಡಾ ಸೇಬು ಮತ್ತು ದ್ರಾಕ್ಷಿ. ದಾಳಿಂಬೆ ರಸವನ್ನೇ ಮಾರುವ ಪಾಮ್ ವಂಡರ್‌ಫುಲ್ ಕಂಪನಿ ಇದರ ಮೇಲೆ ದಾವೆ ಹೂಡಿತು, ಆ ದಾವೆ ನಡೆಯಬಹುದು ಎಂದು 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ತಮಾಷೆಯೆಂದರೆ, ಹೃದ್ರೋಗ, ಪ್ರಾಸ್ಟೇಟ್ ಕ್ಯಾನ್ಸರ್‌ಗೆ ತನ್ನ ರಸ ಒಳ್ಳೆಯದು ಎಂಬ ಪಾಮ್ ಕಂಪನಿಯದೇ ಜಾಹೀರಾತುಗಳು ದಾರಿತಪ್ಪಿಸುವಂಥವು ಎಂದು ಅಮೆರಿಕದ ವ್ಯಾಪಾರ ಆಯೋಗ 2013ರಲ್ಲಿ ತೀರ್ಪು ಕೊಟ್ಟಿತ್ತು. ಅದು ಮೇಲ್ಮನವಿಯಲ್ಲೂ ಬಹುಪಾಲು ನಿಂತಿತು. ಬಾಟಲಿಯೊಳಗೆ ನೂರಕ್ಕೆ ನೂರು ಹಣ್ಣೇ ಇದ್ದರೂ ಮಾತು ಹಣ್ಣನ್ನು ಮೀರಿ ಹೋಗಬಹುದು.

ಈ ವರ್ಷದಲ್ಲಿ ನನಗೆ ಸ್ಪಷ್ಟವಾದದ್ದು ಇದೇ: ಹೇಳುವ ಗುಣಗಳೆಲ್ಲ ಹಣ್ಣಿನವು, ಇಲ್ಲವೇ ಪ್ರಯೋಗಾಲಯದ ಗಾಜಿನ ಕೊಳವೆಯವು. ನಮ್ಮ ಹೊಟ್ಟೆಗೆ ಹೋಗುವುದು ಬೇರೆ.

ಮ್ಯಾಂಗೋಸ್ಟೀನ್ ತೆಗೆದುಕೊಳ್ಳಿ. ಅದರ ಹಿರಿಮೆಯೆಲ್ಲ ಕ್ಸಾಂಥೋನ್ ಎಂಬ ಸಂಯುಕ್ತಗಳ ಮೇಲೆ ನಿಂತಿದೆ. ಅವು ಹೆಚ್ಚಾಗಿ ಇರುವುದು ಕಡು ನೇರಳೆಯ ದಪ್ಪ ಸಿಪ್ಪೆಯಲ್ಲಿ; ನಾವು ಚಪ್ಪರಿಸುವ ಬಿಳಿ ತೊಳೆಯಲ್ಲಿ ತೀರ ಕಡಿಮೆ. ಕೆಲವು ಕಂಪನಿಗಳು ಸಿಪ್ಪೆಯನ್ನೂ ಅರೆದು ಸೇರಿಸುತ್ತವೆ, ಸರಿ. ಆದರೆ ಸಿಪ್ಪೆ ಬಾಯಿಗಿಡಲಾಗದಷ್ಟು ಒಗರು, ಕಹಿ. ಕುಡಿಯಲು ಹಿತವಾಗಿರುವ ರಸದಲ್ಲಿ ಅದು ಎಷ್ಟಿರಬಹುದು ಅಂತ ನೀವೇ ಊಹಿಸಿ.

ಅಸಾಯಿಯದು ಇನ್ನೊಂದು ಬಗೆ. ಬ್ರೆಜಿಲ್‌ನ ಅಮೆಜಾನ್ ಸೀಮೆಯಲ್ಲಿ ಬೆಳೆಯುವ ತಾಳೆ ಜಾತಿಯ ಮರದ ಹಣ್ಣು ಅದು. ಪಾರಾ ರಾಜ್ಯದಲ್ಲಿ ಅದರ ಗಟ್ಟಿ ತಿರುಳನ್ನು ಮರಗೆಣಸಿನ ಹಿಟ್ಟು, ಮೀನಿನ ಜತೆ ಊಟಕ್ಕೆ ತಿನ್ನುತ್ತಾರೆ. ಆ ತಿರುಳಿನಲ್ಲಿ ಸಕ್ಕರೆ ತೀರ ಕಡಿಮೆ, ಕೊಬ್ಬು ಚೆನ್ನಾಗಿಯೇ ಇದೆ. ಅದು ಬಾಟಲಿಗೆ ಬರುವಷ್ಟರಲ್ಲಿ ಸಿಹಿ ನೀರಾಗುವುದಕ್ಕೆ ಹಿಂದೆ ಹೇಳಿದ ಸೇಬು, ದ್ರಾಕ್ಷಿಗಳೇ ಕಾರಣ. ಗೋಜಿ ಎಂಬ ಸಣ್ಣ ಕೆಂಪು ಹಣ್ಣನ್ನು ಹಿಮಾಲಯದ ಹಣ್ಣು ಎಂದು ಬಣ್ಣಿಸುತ್ತಾರೆ. ಮಾರಾಟಕ್ಕೆ ಬರುವ ಗೋಜಿಯ ಹೆಸರಾಂತ ಸೀಮೆ ಉತ್ತರ ಚೀನಾದ ನಿಂಗ್‌ಶಿಯಾ. ಗೋಜಿ ತಿಂದು 256 ವರ್ಷ ಬದುಕಿದನೆಂಬ ಚೀನೀ ಮುದುಕನ ಕತೆಯೂ ಇದರ ಜತೆಗೇ ಬರುತ್ತದೆ. ಅದನ್ನು ಹೇಳಿದವರನ್ನು ನಾನು ಕೇಳಿದ್ದಿಷ್ಟೇ: ಅವನ ಹುಟ್ಟಿದ ದಿನ ಬರೆದಿಟ್ಟವರು ಯಾರು?

ನೋನಿಗೆ ಝೆರೊನೀನ್ ಎಂಬ ಮಂತ್ರ. 1980ರ ದಶಕದಲ್ಲಿ ಹವಾಯಿಯ ರಾಲ್ಫ್ ಹೈನಿಕೆ ಎಂಬ ಜೀವರಸಾಯನ ವಿಜ್ಞಾನಿ, ನೋನಿಯಲ್ಲಿ ಇದರ ಮೂಲದ್ರವ್ಯ ಇದೆ, ದೇಹದೊಳಗೆ ಅದು ಝೆರೊನೀನ್ ಆಗಿ ಕೋಶಗಳನ್ನು ಸರಿಪಡಿಸುತ್ತದೆ ಎಂದರು. ಆ ವಸ್ತುವನ್ನು ಬೇರೆ ಯಾವ ಪ್ರಯೋಗಾಲಯವೂ ಬೇರ್ಪಡಿಸಿ ತೋರಿಸಿಲ್ಲ. ಆದರೂ ನನಗೆ ಕೊಟ್ಟ ಕರಪತ್ರದಲ್ಲಿ ಅದು ಇವತ್ತಿಗೂ ದಪ್ಪ ಅಕ್ಷರದಲ್ಲಿದೆ. 1996ರಲ್ಲಿ ತಾಹಿತಿ ನೋನಿ ರಸವನ್ನು ಮಾರುಕಟ್ಟೆಗೆ ತಂದ ಮೊರಿಂಡಾ ಕಂಪನಿ, ಆಧಾರವಿಲ್ಲದ ಆರೋಗ್ಯದ ಮಾತುಗಳ ವಿಷಯದಲ್ಲಿ 1998ರಲ್ಲೇ ಅಮೆರಿಕದ ಹಲವು ರಾಜ್ಯಗಳ ಜತೆ ರಾಜಿ ಮಾಡಿಕೊಳ್ಳಬೇಕಾಯಿತು.

ಇನ್ನು ಎಲ್ಲ ಬಾಟಲಿಗಳಿಗೂ ಸಾಮಾನ್ಯವಾದ ಮಾತು: ಆಂಟಿಆಕ್ಸಿಡೆಂಟ್. 1956ರಲ್ಲಿ ಅಮೆರಿಕದ ವಿಜ್ಞಾನಿ ಡೆನ್‌ಹ್ಯಾಮ್ ಹಾರ್ಮನ್ ಮುಂದಿಟ್ಟ ಸಿದ್ಧಾಂತದ ಪ್ರಕಾರ ಮುಪ್ಪಿಗೆ, ದೇಹದಲ್ಲೇ ಹುಟ್ಟಿ ಕೋಶಗಳನ್ನು ಕೆಡಿಸುವ ಕಣಗಳಾದ ಫ್ರೀ ರ‍್ಯಾಡಿಕಲ್‌ಗಳು ಕಾರಣ. ಹಾಗಾದರೆ ಅವನ್ನು ತಣಿಸುವ ಆಂಟಿಆಕ್ಸಿಡೆಂಟ್ ಸುರಿದುಕೊಂಡರೆ ಮುಪ್ಪು ನಿಧಾನವಾಗಬೇಕಲ್ಲ ಎನ್ನುವುದು ಸರಳ ತರ್ಕ. ದೇಹ ಅಷ್ಟು ಸರಳವಾಗಿಲ್ಲ. ಫಿನ್‌ಲೆಂಡ್‌ನಲ್ಲಿ ಸಿಗರೇಟು ಸೇದುವ ಗಂಡಸರಿಗೆ ಬೀಟಾ ಕೆರೋಟಿನ್ ಎಂಬ ಆಂಟಿಆಕ್ಸಿಡೆಂಟ್ ಮಾತ್ರೆ ಕೊಟ್ಟು ವರ್ಷಗಟ್ಟಲೆ ನೋಡಿದರು. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು 18 ಶೇಕಡಾ ಹೆಚ್ಚಿತ್ತು. ಬಾಟಲಿಯ ಮೇಲೆ ಹೆಮ್ಮೆಯಿಂದ ಬರೆಯುವ, ಆಂಟಿಆಕ್ಸಿಡೆಂಟ್ ಶಕ್ತಿ ಎಷ್ಟೆಂದು ಹೇಳುವ ಓರಾಕ್ ಅಂಕವೂ ಗಾಜಿನ ಕೊಳವೆಯ ಅಳತೆ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಓರಾಕ್ ಪಟ್ಟಿಯೊಂದನ್ನು ಪ್ರಕಟಿಸಿತ್ತು. ಆ ಅಂಕಕ್ಕೂ ದೇಹದೊಳಗಿನ ಪರಿಣಾಮಕ್ಕೂ ಸಂಬಂಧ ತೋರಿಸಲಾಗಿಲ್ಲ, ಕಂಪನಿಗಳು ಅದನ್ನು ದುರುಪಯೋಗ ಮಾಡುತ್ತಿವೆ ಎಂದು 2012ರಲ್ಲಿ ಅವರೇ ಅದನ್ನು ತೆಗೆದುಹಾಕಿದರು. ನನ್ನ ಬಾಟಲಿಯ ಮೇಲೆ ಆ ಅಂಕ ಇನ್ನೂ ಇದೆ.

"ಕುಡಿದ ಮೇಲೆ ರಕ್ತ ಪರೀಕ್ಷೆ ಮಾಡಿದರೆ ಆಂಟಿಆಕ್ಸಿಡೆಂಟ್ ಏರಿರುತ್ತೆ, ಇದು ಪ್ರೂವ್ ಆಗಿದೆ" ಎನ್ನುವವರೂ ಇದ್ದಾರೆ. ಏರುವುದು ನಿಜ. ಸೇಬು ತಿಂದವರ ಮೇಲೆ ಮಾಡಿದ ಅಧ್ಯಯನದಲ್ಲಿ ಆ ಏರಿಕೆಗೆ ಮುಖ್ಯ ಕಾರಣ ಹಣ್ಣಿನ ಫ್ರಕ್ಟೋಸ್‌ನಿಂದ ಹೆಚ್ಚಾದ ಯೂರಿಕ್ ಆಮ್ಲ ಎಂದು ಕಂಡುಬಂತು. ಯೂರಿಕ್ ಆಮ್ಲವೂ ಲೆಕ್ಕಕ್ಕೆ ಒಂದು ಆಂಟಿಆಕ್ಸಿಡೆಂಟೇ. ಅದೇ ಆಮ್ಲ ಕೀಲುಗಳಲ್ಲಿ ಕೂತು ಬರುವ ಗೌಟ್ ನೋವು ಕಂಡವರಿಗೆ ಈ ಪುಣ್ಯ ಬೇಡ.

ಬಣ್ಣದ ವಿಷಯ ನಾನೇ ಕಣ್ಣಾರೆ ಕಂಡದ್ದು. ಬಿಸಿಲು ಬೀಳದ ಕಪಾಟಿನಲ್ಲಿ, ಸೀಲು ಒಡೆಯದೆ ಇಟ್ಟ ಹಳೆಯ ಬಾಟಲಿಯನ್ನೂ ಹೊಸತನ್ನೂ ಎರಡು ಬಿಳಿ ಬಟ್ಟಲಿಗೆ ಬಗ್ಗಿಸಿ ಪಕ್ಕದಲ್ಲಿಟ್ಟೆ. ಹೊಸದು ಶಾಯಿಯ ಹಾಗೆ ನೇರಳೆ; ಹಳೆಯದರ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು, ತಳದಲ್ಲಿ ಕಂದು ಗಸಿ. ಮುಗಿಯುವ ದಿನಾಂಕ ಇನ್ನೂ ದೂರವಿತ್ತು. ನೇರಳೆ ಬಣ್ಣ ಕೊಡುವ ಆಂಥೋಸಯನಿನ್‌ಗಳು ಇಟ್ಟಷ್ಟೂ ಒಡೆಯುತ್ತವೆ, ಸೆಕೆಯಲ್ಲಿ ಇನ್ನೂ ಬೇಗ. ಜಾಹೀರಾತು ಹೊಗಳುವುದೂ ಅವನ್ನೇ. ಬಿಸಿ ಮಾಡಿ ಪಾಶ್ಚರೀಕರಿಸಿದ್ದೇ ತಪ್ಪು ಅಂತ ಇದರಿಂದ ತೀರ್ಮಾನಿಸಬೇಡಿ. ಬ್ರೆಜಿಲ್‌ನಲ್ಲಿ ಪಾಶ್ಚರೀಕರಿಸದ ಹಸಿ ಅಸಾಯಿ ಕುಡಿದು ಪರಾವಲಂಬಿ ಜೀವಿಯೊಂದರಿಂದ ಬರುವ ಶಾಗಸ್ ರೋಗ ಹರಡಿದ ಉದಾಹರಣೆಗಳಿವೆ.

ನನಗೆ ಏನಾಯಿತು? ಮೊದಲ ವಾರಗಳಲ್ಲಿ ಹುರುಪು ಅನ್ನಿಸಿತು. ಅದೇ ಹೊತ್ತಿಗೆ ರಾತ್ರಿ ಬೇಗ ಮಲಗುವುದನ್ನೂ ಶುರು ಮಾಡಿದ್ದೆ, ಹಾಗಾಗಿ ಅದರ ಕೀರ್ತಿ ಯಾರಿಗೆ ಸಲ್ಲಬೇಕೋ ಗೊತ್ತಿಲ್ಲ. ಮೊಣಕಾಲು ಹಾಗೇ ಇದೆ. ಕೂದಲು ಉದುರುವುದು ಹಾಗೇ ಇದೆ. ಶುರುವಿನಲ್ಲಿ ಮತ್ತು ಆಮೇಲೆ ಮಾಡಿಸಿದ ರಕ್ತ ಪರೀಕ್ಷೆಗಳಲ್ಲಿ ಕೊಲೆಸ್ಟರಾಲ್, ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ) ಎರಡೂ ಹೆಚ್ಚುಕಡಿಮೆ ಇದ್ದಲ್ಲೇ ಇವೆ. ಕಣ್ಣಿನ ಸುತ್ತಲಿನ ಗೆರೆಗಳು ಒಂದೇ ಕಿಟಕಿಯ ಬೆಳಕಿನಲ್ಲಿ ತೆಗೆದ ಫೋಟೊಗಳಲ್ಲಿ ಒಂದಿಷ್ಟೂ ಹಿಂದೆ ಸರಿದಿಲ್ಲ. ಚರ್ಮದ ಮುಪ್ಪಿಗೆ ಹೊರಗಿನ ಕಾರಣಗಳಲ್ಲಿ ದೊಡ್ಡದು ಬಿಸಿಲು. ಆಸ್ಟ್ರೇಲಿಯಾದ ನ್ಯಾಂಬೂರ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನವೂ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ ಬೇಕೆನಿಸಿದಾಗ ಮಾತ್ರ ಹಚ್ಚಿಕೊಂಡವರಿಗಿಂತ ಚರ್ಮದ ಮುಪ್ಪು 24 ಶೇಕಡಾ ಕಡಿಮೆ ಕಂಡಿತು. ಯಾವ ಹಣ್ಣಿನ ರಸದ ಕಂಪನಿಯೂ ಅಂಥದ್ದೊಂದು ಪ್ರಯೋಗ ನನಗೆ ತೋರಿಸಲಿಲ್ಲ.

ಮೊದಮೊದಲು ನೋನಿಯಿಂದ ಹೊಟ್ಟೆ ಕೆಟ್ಟಿತು. ಮಾರಿದವರಿಗೆ ಫೋನ್ ಮಾಡಿದರೆ, "ಒಳ್ಳೇದೇ ಆಯ್ತು ಸರ್, ಒಳಗಿನ ಕಲ್ಮಶ ಹೊರಗೆ ಹೋಗ್ತಾ ಇದೆ. ಡೋಸ್ ಜಾಸ್ತಿ ಮಾಡಿ" ಎಂದರು. ಸರಿಹೋದ ಮೇಲೆ ಅದೂ ಜ್ಯೂಸಿನ ಪವಾಡವೇ ಆಯಿತು. ಏನೂ ಆಗದವರಿಗೆ ಇನ್ನೂ ಆರು ತಿಂಗಳು ಕುಡಿಯಲು ಹೇಳುತ್ತಾರೆ. ಈ ಮೂರು ಉತ್ತರ ಕೈಯಲ್ಲಿದ್ದರೆ ಯಾವ ಉತ್ಪನ್ನವೂ ಸೋಲುವುದಿಲ್ಲ. ಆಮೇಲೆ ಅವರು ನನ್ನನ್ನೇ ಮಾರಾಟಗಾರನಾಗಲು ಕರೆದರು. ಕುಡಿಯುವವರೇ ಮಾರುವವರೂ ಆಗಿರುವಾಗ ಅವರ ಐದು ನಕ್ಷತ್ರಗಳನ್ನು ಹೇಗೆ ಎಣಿಸಬೇಕೋ ಹಾಗೆ ಎಣಿಸಿ.

ಪೂರ್ತಿ ತೆಗೆದುಹಾಕುವ ಹಾಗೂ ಇಲ್ಲ. ದಾಳಿಂಬೆಯ ಒಗರು ಸಂಯುಕ್ತಗಳಾದ ಎಲಾಜಿಟ್ಯಾನಿನ್‌ಗಳನ್ನು ನಮ್ಮ ಕರುಳಿನ ಬ್ಯಾಕ್ಟೀರಿಯಾಗಳು ಯೂರೋಲಿಥಿನ್ ಎ ಎಂಬ ವಸ್ತುವಾಗಿ ಬದಲಿಸುತ್ತವೆ. 2016ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಅದು ಸಣ್ಣ ಹುಳುಗಳ ಆಯಸ್ಸು ಹೆಚ್ಚಿಸಿತು. ಕುತೂಹಲದ ವಿಷಯವೇ. ಆದರೆ ಎಲ್ಲರ ಕರುಳಲ್ಲೂ ಅದನ್ನು ತಯಾರಿಸುವ ಬ್ಯಾಕ್ಟೀರಿಯಾ ಇರುವುದಿಲ್ಲ, ಮತ್ತು ನಾವು ಹುಳುಗಳಲ್ಲ.

ಸಕ್ಕರೆ ಲೆಕ್ಕ ಸ್ವಲ್ಪ ವಿಚಿತ್ರ. ನನ್ನ ಮಿಶ್ರಣದ 100 ಮಿಲಿಯಲ್ಲಿ 12 ಗ್ರಾಂ ಸಕ್ಕರೆ. ಹೇಳಿದ ಪ್ರಮಾಣ ದಿನಕ್ಕೆ 60 ಮಿಲಿ, ಅಂದರೆ 7 ಗ್ರಾಂ ಚಿಲ್ಲರೆ, ಅದು ದೊಡ್ಡದೇನಲ್ಲ. ಹಾಗೆಯೇ ಅದರಲ್ಲಿರುವ ಅಸಾಯಿಯೂ ದೊಡ್ಡದೇನಲ್ಲ. ರುಚಿಯಾಗಿದೆ ಅಂತ 200 ಮಿಲಿಯ ಲೋಟ ತುಂಬಿಸಿದರೆ 24 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಹಣ್ಣಿನ ರಸದ ಸಕ್ಕರೆಯನ್ನೂ ಮಿತಿಯಲ್ಲಿಡಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ; ಸಾಧ್ಯವಾದರೆ ದಿನಕ್ಕೆ ಸುಮಾರು 25 ಗ್ರಾಂ ಒಳಗೆ ಇರಲಿ ಎನ್ನುತ್ತದೆ. ಒಂದು ಲೋಟಕ್ಕೆ ಅಲ್ಲಿಗೆ ಮುಗಿಯಿತು.

ಅಂಕ ಹಾಕಲೇಬೇಕಾದರೆ: ಮಿಶ್ರಣಕ್ಕೆ ಪಾನೀಯವಾಗಿ ಐದಕ್ಕೆ ಮೂರೂವರೆ, ಕೊಟ್ಟ ದುಡ್ಡಿಗೆ ಒಂದು. ನೋನಿಗೆ ಎರಡೂ ಲೆಕ್ಕದಲ್ಲಿ ಒಂದು. ಯೌವನದ ಕಾಲಂ ಖಾಲಿ ಬಿಟ್ಟಿದ್ದೇನೆ.

ಆರೋಗ್ಯವಾಗಿರುವವರಿಗೆ ಹೆಚ್ಚೆಂದರೆ ದುಡ್ಡು ದಂಡ. ಕೆಲವರಿಗೆ ಮಾತ್ರ ಇದು ಅಷ್ಟಕ್ಕೇ ನಿಲ್ಲುವುದಿಲ್ಲ. ನೋನಿ ರಸದಲ್ಲಿ ಪೊಟ್ಯಾಸಿಯಂ ಕಿತ್ತಳೆ ರಸದಷ್ಟೇ ಇದೆ. ಕಿಡ್ನಿ ದುರ್ಬಲವಿರುವ ರೋಗಿಯೊಬ್ಬರಿಗೆ ಅದರಿಂದ ರಕ್ತದ ಪೊಟ್ಯಾಸಿಯಂ ಏರಿದ್ದು 2000ರಲ್ಲೇ ವರದಿಯಾಗಿದೆ. ನೋನಿಯಿಂದ ಲಿವರ್‌ಗೆ ಪೆಟ್ಟು ಎಂದು 2005ರಲ್ಲಿ ಆಸ್ಟ್ರಿಯಾದಿಂದ ವರದಿಗಳು ಬಂದವು, ಮರುವರ್ಷ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಅದಕ್ಕೆ ನೋನಿಯೇ ಕಾರಣವಾಗಿರುವ ಸಂಭವ ಕಡಿಮೆ ಎಂದಿತು. ಧಾರೆಹುಳಿಯ (ಸ್ಟಾರ್ ಫ್ರೂಟ್) ರಸ ಕಿಡ್ನಿ ಕೈಕೊಟ್ಟವರಿಗೆ ನಿಜಕ್ಕೂ ವಿಷ, ಬಿಕ್ಕಳಿಕೆಯಿಂದ ಶುರುವಾಗಿ ಫಿಟ್ಸ್‌ವರೆಗೆ ಹೋಗಬಹುದು. ಗೋಜಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ಪರಿಣಾಮ ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡಬಹುದು. ಗ್ರೇಪ್‌ಫ್ರೂಟ್ ಕೆಲವು ಬಿಪಿ, ಕೊಲೆಸ್ಟರಾಲ್ ಮಾತ್ರೆಗಳ ಮಟ್ಟವನ್ನು ರಕ್ತದಲ್ಲಿ ಏರಿಸುತ್ತದೆ. ಹಾಗಾಗಿ ದಿನವೂ ಮಾತ್ರೆ ನುಂಗುವವರು ಬಾಟಲಿಯ ಹಿಂಭಾಗದ ಫೋಟೊ ತೆಗೆದು ಡಾಕ್ಟರಿಗೆ ತೋರಿಸಿ. ಬರೀ "ಹಣ್ಣಿನ ಜ್ಯೂಸ್ ಕುಡಿತೀನಿ ಡಾಕ್ಟ್ರೇ" ಅಂದರೆ ಅವರು ಕಿತ್ತಳೆ ಹಣ್ಣಿನದು ಅಂದುಕೊಂಡು ತಲೆಯಾಡಿಸಿಬಿಡುತ್ತಾರೆ.